ರೋಗಿಯ ಗುಟ್ಟೂ ಪೋಲೀಸಿನ ಝಡತಿಯೂ

ಚಾಮರಾಜನಗರ ತಾಲ್ಲೂಕಿನ ಕುದೇರು ದೊಡ್ಡ ಪಟ್ಟಣವಲ್ಲ. ಆದರೆ ಅಲಕ್ಷ್ಯಮಾಡತಕ್ಕ ಊರೂ ಅಲ್ಲ. ಜಿಲ್ಲೆಯ ಹಾಲು ಉತ್ಪಾದಕರ ಒಕ್ಕೂಟದ ಡೈರಿ ಅಲ್ಲಿದೆ. ಪೋಲೀಸು ಠಾಣೆಯೂ ಅಲ್ಲಿದೆ. ಇಂಥ ಊರುಗಳಲ್ಲಿ ಒಬ್ಬರ ಮನೆಯ ಸಂಗತಿ ಇನ್ನೊಬ್ಬರಿಗೆ ತಿಳಿಯದೆ ಉಳಿಯುವುದು ಸಾಮಾನ್ಯವಾಗಿಯೇ ಕಷ್ಟ. ಹೀಗಿರುವಲ್ಲಿ ಪೋಲೀಸಿನವರು ಒಂದು ಮನೆಯನ್ನು ಝಡತಿಮಾಡಲು ಬಂದರೆ ಏನಾಗುವುದೆಂಬುದನ್ನು ನಮ್ಮ ವಾಚಕರು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕೆಂದು ಕೋರುತ್ತೇವೆ.

ಯಾವನೋ ಒಬ್ಬ ಗೃಹಸ್ಥನ ಮೇಲೆ ಕಳವಿನ ಮಾಲನ್ನು ಬಚ್ಚಿಟ್ಟಿರುವನೆಂಬ ಸಂಶಯ ಬಂದಿದೆಯೆಂದು ಭಾವಿಸೋಣ. ಅಧಿಕಾರಿಯು ಕಾಯಿದೆಯಂತೆ ಊರಿನ ಇಬ್ಬರು ಮರ್ಯಾದಸ್ಥರನ್ನು ಪಂಚರನ್ನಾಗಿ ಕರೆಯುತ್ತಾನೆ. ಆ ಪಂಚರು ಬೇರೆ ಯಾರೂ ಅಲ್ಲ, ನೆರೆಮನೆಯವರು. ಪೆಟ್ಟಿಗೆ ತೆರೆಯುತ್ತದೆ, ಗೂಡು ಬರಿದಾಗುತ್ತದೆ, ಹಾಸಿಗೆ ಕೊಡವಲ್ಪಡುತ್ತದೆ. ಕಳವಿನ ಮಾಲು ಸಿಕ್ಕುವುದಿಲ್ಲ. ಸಿಕ್ಕಿದ್ದು ಮಾತ್ರೆಯ ಡಬ್ಬಿ, ಆಸ್ಪತ್ರೆಯ ಚೀಟಿ, ರಕ್ತಪರೀಕ್ಷೆಯ ಕಾಗದ. "ಇದೇನು? ಯಾರಿಗೆ? ಯಾವ ಕಾಯಿಲೆಗೆ?" ಎಂದು ಎಲ್ಲರ ಎದುರಿನಲ್ಲಿಯೇ ಪ್ರಶ್ನೆಯಾಗುತ್ತದೆ. ಮನೆಯ ಸೊಸೆಯು ಮನೋವ್ಯಾಧಿಗೆ ಔಷಧಿ ಸೇವಿಸುತ್ತಿರಬಹುದು. ಯಜಮಾನನಿಗೆ ಕ್ಷಯವಿರಬಹುದು, ಎಚ್‌.ಐ.ವಿ. ಸೋಂಕಿರಬಹುದು. ಸಂಜೆಯ ಹಾಲು ಅಳೆಯುವ ಹೊತ್ತಿಗೆ ಊರಿಗೆಲ್ಲಾ ಸುದ್ದಿ ಹಬ್ಬಿರುತ್ತದೆ. ಮೊಕದ್ದಮೆ ಹೂಡಿದರೆ ನ್ಯಾಯಾಧಿಪತಿಗಳು ಅವನನ್ನು ನಿರಪರಾಧಿಯೆಂದು ಬಿಟ್ಟಾರು. ಊರು ಕೊಟ್ಟ ಶಿಕ್ಷೆಗೆ ಅಪೀಲೆಲ್ಲಿ?

ಇದು ನಾವು ಕಲ್ಪಿಸಿ ಹೇಳಿದ ನಿದರ್ಶನ. ಯಾವ ಠಾಣೆಯವರ ಮೇಲೂ ನಾವು ದೋಷವನ್ನು ಹೊರಿಸುತ್ತಿಲ್ಲ. ನಮ್ಮ ವಾದವಿಷ್ಟೆ: ಇಷ್ಟೆಲ್ಲವೂ ಕಾಯಿದೆಯ ಒಂದು ಅಕ್ಷರವನ್ನೂ ಮೀರದೆ ನಡೆಯಬಹುದು. ಸ್ತ್ರೀಯನ್ನು ಶೋಧಿಸಬೇಕಾದರೆ ಸ್ತ್ರೀಯೇ ಶೋಧಿಸಬೇಕು, ಮರ್ಯಾದೆಗೆ ಭಂಗ ಬರಬಾರದು ಎಂದು ಕಾಯಿದೆಯು ಕಟ್ಟುನಿಟ್ಟಾಗಿ ಹೇಳಿದೆ. ದೇಹದ ಮೇಲಿನ ಬಟ್ಟೆಗೆ ಇಷ್ಟು ಗೌರವವನ್ನಿತ್ತ ಕಾಯಿದೆಯು ದೇಹದೊಳಗಿನ ರೋಗದ ಗುಟ್ಟಿಗೆ ಏನನ್ನು ಇತ್ತಿದೆ ಎಂಬುದೇ ಪ್ರಕೃತ ಪ್ರಶ್ನೆ.

ರೋಗಿಯ ಗುಟ್ಟನ್ನು ಕಾಯುವುದು ಪಾಶ್ಚಾತ್ಯರಿಂದ ನಾವು ಎರವು ತಂದ ಧರ್ಮವೆಂದು ಕೆಲವರು ತಿಳಿದಿರುವರು. ಅದು ಸರಿಯಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಗುರುವು ವೈದ್ಯಶಿಷ್ಯನಿಗೆ ಉಪದೇಶಿಸುವ ನಿಯಮಗಳಲ್ಲಿ, ರೋಗಿಯ ಮನೆಯೊಳಗೆ ಕಂಡ ಸಂಗತಿಗಳನ್ನು ಹೊರಗೆ ಆಡಬಾರದೆಂಬುದೂ ಒಂದು. ವೈದ್ಯನಲ್ಲಿಯೂ ವಕೀಲನಲ್ಲಿಯೂ ಸುಳ್ಳು ಹೇಳಬಾರದೆಂಬುದು ನಮ್ಮ ಹಳ್ಳಿಗರೂ ಬಲ್ಲ ಮಾತು. ಆದರೆ ನಿಜ ಹೇಳಿದ ರೋಗಿಗೆ ಅದರಿಂದಲೇ ಕೇಡು ಬರುವುದಾದರೆ ಆ ಮಾತನ್ನು ಯಾವ ಬಾಯಿಂದ ಉಪದೇಶಿಸೋಣ?

ರೋಗದ ನೆಪದಲ್ಲಿ ಸರ್ಕಾರದವರು ಮನೆಹೊಕ್ಕರೆ ಆಗುವ ಅನರ್ಥವನ್ನು ನಮ್ಮ ದೇಶವು ಒಮ್ಮೆ ಕಂಡಿದೆ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿದಾಗ ಸೋಲ್ಜರುಗಳು ಮನೆಮನೆಯನ್ನು ಹೊಕ್ಕು ರೋಗಿಗಳನ್ನು ಹುಡುಕಿದರು. ಜನರ ಕ್ರೋಧವು ಎಲ್ಲಿಗೆ ಮುಟ್ಟಿತೆಂದರೆ, ಪ್ಲೇಗು ಅಧಿಕಾರಿಯಾದ ರಾಂಡನು ಆ ವರ್ಷದ ಜೂನ್ 22ರಂದು ಗುಂಡೇಟಿಗೆ ಗುರಿಯಾದನು. ಮರುವರ್ಷ, 1898ರಲ್ಲಿ, ಮೈಸೂರು ಸಂಸ್ಥಾನಕ್ಕೂ ಪ್ಲೇಗು ಬಂದಿತು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಪ್ಲೇಗಿನ ನಿರ್ಬಂಧಗಳ ವಿರುದ್ಧ ಜನ ದಂಗೆಯೆದ್ದರು. ಕೊಲೆಯನ್ನಾಗಲಿ ದೊಂಬಿಯನ್ನಾಗಲಿ ನಾವು ಸಮರ್ಥಿಸುವುದಿಲ್ಲ. ಆದರೆ ಅವುಗಳಿಂದ ಕಲಿಯತಕ್ಕ ಪಾಠವೊಂದಿದೆ: ಶೋಧನೆಗೆ ಹೆದರಿದ ಜನರು ರೋಗವನ್ನು ಬಚ್ಚಿಟ್ಟರು, ಬಚ್ಚಿಟ್ಟ ರೋಗವು ಬೆಳೆಯಿತು.

ಈ ಪಾಠವನ್ನು ನಾವು ಚೆನ್ನಾಗಿ ಕಲಿತೆವೆಂದು ಹೇಳುವಂತಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ರೋಗದ ಭಯದಿಂದ, ಹೊರದೇಶಗಳಿಂದ ಬಂದು ಮನೆಗಳಲ್ಲಿ ಪ್ರತ್ಯೇಕವಾಸದಲ್ಲಿದ್ದವರ ವಿಳಾಸಗಳ ಪಟ್ಟಿಗಳನ್ನು ನಮ್ಮ ರಾಜ್ಯದ ಸರ್ಕಾರವೇ ಪ್ರಕಟಿಸಿತು. ಅವರ ಕೈಗಳ ಮೇಲೆ ಮುದ್ರೆಯೊತ್ತಲಾಯಿತು. ಅವರಲ್ಲಿ ರೋಗವಿದೆಯೆಂದು ಇನ್ನೂ ಯಾರೂ ಕಂಡಿರಲಿಲ್ಲ. ಆದರೂ ನೆರೆಹೊರೆಯವರ ದೃಷ್ಟಿಯಲ್ಲಿ ಅವರು ಅಪರಾಧಿಗಳಾದರು. ಚಾಮರಾಜನಗರ ಜಿಲ್ಲೆಯಲ್ಲಿ ಆ ವರ್ಷದ ಜೂನ್ ತಿಂಗಳವರೆಗೆ ಒಬ್ಬ ರೋಗಿಯೂ ಕಾಣಿಸಿಕೊಂಡಿರಲಿಲ್ಲವೆಂಬುದು ಆಗ ನಾಡಿಗೆಲ್ಲಾ ಹೆಮ್ಮೆಯ ಸುದ್ದಿಯಾಗಿದ್ದಿತು. ಅಂಥ ಜಿಲ್ಲೆಯಲ್ಲಿ ಮೊದಲ ರೋಗಿಯಾಗಿ ಗುರುತಿಸಲ್ಪಡಲು ಯಾರಿಗೆ ತಾನೇ ಧೈರ್ಯ ಬರುತ್ತಿದ್ದಿತು?

ಇನ್ನು ನ್ಯಾಯಸ್ಥಾನಗಳ ಕಡೆಗೆ ತಿರುಗೋಣ. ಈ ವಿಷಯದಲ್ಲಿ ಕನ್ನಡನಾಡಿನವರು ಸಂತೋಷಪಡಲು ಕಾರಣವುಂಟು. ಖಾಸಗಿ ಬಾಳು ಪ್ರಜೆಯ ಮೂಲಭೂತವಾದ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಏಕಕಂಠದಿಂದ ಸಾರಿದರು. ಆ ವ್ಯಾಜ್ಯವನ್ನು ತಂದವರು ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು, ಅವರು 2024ರಲ್ಲಿ ದಿವಂಗತರಾದರು. ಈ ಹಕ್ಕಿನಲ್ಲಿ ಸರ್ಕಾರವು ಕೈಯಿಡಬೇಕಾದರೆ ಕಾಯಿದೆಯ ಆಧಾರವಿರಬೇಕು, ಉದ್ದೇಶವು ನ್ಯಾಯವಾದುದಾಗಿರಬೇಕು, ಕ್ರಮವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬ ಅಳತೆಗೋಲು ಆ ತೀರ್ಪಿನಿಂದ ದೊರೆಯಿತು. ಸಾಂಕ್ರಾಮಿಕ ರೋಗಗಳ ನಿವಾರಣೆಗಾಗಿ ಆಸ್ಪತ್ರೆಯ ದಾಖಲೆಗಳನ್ನು ಸರ್ಕಾರವು ಪರಿಶೀಲಿಸಬಹುದು, ಆದರೆ ವ್ಯಕ್ತಿಯ ಗುರುತನ್ನು ಮರೆಸಿಡಬೇಕು ಎಂಬ ಆಶಯವೂ ಅದರಲ್ಲಿದೆ.

ಅದಕ್ಕೂ ಹಿಂದೆ, 2010ರ ಮೇ 5ರಂದು, ಸೆಲ್ವಿ ಎಂಬವರೂ ಇತರರೂ ಕರ್ನಾಟಕ ಸರ್ಕಾರದ ವಿರುದ್ಧ ತಂದಿದ್ದ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯವು ಮಹತ್ವದ ತೀರ್ಪನ್ನಿತ್ತಿತು. ಆಪಾದಿತನಿಗೆ ಮಂಪರುಬರುವ ಔಷಧಿಯನ್ನು ಚುಚ್ಚಿ ಬಾಯಿಬಿಡಿಸುವ ಪರೀಕ್ಷೆಗೆ ಬೆಂಗಳೂರು ಒಂದು ಕಾಲಕ್ಕೆ ದೇಶದಲ್ಲೆಲ್ಲಾ ಹೆಸರಾಗಿದ್ದಿತು. ಅಂಥ ಪರೀಕ್ಷೆಗಳ ಚಿತ್ರಮುದ್ರಿಕೆಗಳು ದೂರದರ್ಶನದ ವಾಹಿನಿಗಳಿಗೆ ಸೋರಿಹೋದುದೂ ಉಂಟು. ಆ ಪರೀಕ್ಷೆಯನ್ನಾಗಲಿ, ಸುಳ್ಳು ಹಿಡಿಯುವ ಯಂತ್ರದ ಪರೀಕ್ಷೆಯನ್ನಾಗಲಿ, ಮೆದುಳಿನ ನಕಾಶೆಯ ಪರೀಕ್ಷೆಯನ್ನಾಗಲಿ ಯಾರ ಮೇಲೂ ಬಲಾತ್ಕಾರವಾಗಿ ನಡೆಸಕೂಡದೆಂದು ತೀರ್ಪಾಯಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ನಿರ್ಬಂಧಿಸಕೂಡದೆಂಬ ರಾಜ್ಯಾಂಗದ 20ನೆಯ ವಿಧಿಯೂ, ಜೀವ ಮತ್ತು ಸ್ವಾತಂತ್ರ್ಯಗಳ 21ನೆಯ ವಿಧಿಯೂ ಅದಕ್ಕೆ ಆಧಾರ. ವೈದ್ಯನ ಸೂಜಿಯು ರೋಗವನ್ನು ಕಳೆಯುವುದಕ್ಕೇ ಹೊರತು ಠಾಣೆಯ ಲಾಠಿಗೆ ಬದಲಾಗಿ ಉಪಯೋಗಿಸುವುದಕ್ಕಲ್ಲ ಎಂಬುದು ಆ ತೀರ್ಪಿನ ತಿರುಳೆಂದು ನಾವು ತಿಳಿದಿದ್ದೇವೆ.

ತತ್ತ್ವವು ಹೀಗೆ ಉನ್ನತವಾಗಿದೆ. ಆಚರಣೆಯ ಕಾಯಿದೆಯನ್ನು ನೋಡಿದರೆ ನಮಗೆ ಆಶ್ಚರ್ಯವಾಗುತ್ತದೆ. 2024ರ ಜುಲೈ 1ರಿಂದ ಹಳೆಯ ಕ್ರಿಮಿನಲ್ ಪ್ರೊಸೀಜರ್ ಕೋಡಿಗೆ ಬದಲಾಗಿ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೆಯ ಕಲಮಿನ ಪ್ರಕಾರ, ತನಿಖೆಗೆ ಬೇಕೆಂದು ತೋರಿದ ಯಾವ ದಸ್ತೈವಜನ್ನಾದರೂ ಹಾಜರುಪಡಿಸುವಂತೆ ಠಾಣೆಯ ಅಧಿಕಾರಿಯು ಲಿಖಿತ ಆಜ್ಞೆಯಿಂದ ಕೇಳಬಹುದು. ಆದರೆ ಅಂಚೆ ಕಚೇರಿಯ ವಶದಲ್ಲಿರುವ ಕಾಗದಕ್ಕೆ ಆ ಕಲಮು ಅನ್ವಯಿಸುವುದಿಲ್ಲ. ಅದನ್ನು ಪಡೆಯಬೇಕಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅಥವಾ ಮೇಲಣ ನ್ಯಾಯಸ್ಥಾನದ ಆಜ್ಞೆ ಬೇಕೆಂದು ಮುಂದಿನ ಕಲಮು ಹೇಳುತ್ತದೆ. ಇದರ ಅರ್ಥವೇನು? ಯಾರು ಬೇಕಾದರೂ ಓದಬಹುದಾದ ಒಂದು ಕಾರ್ಡು ಅಂಚೆಯ ಚೀಲದಲ್ಲಿದ್ದರೆ ಅದಕ್ಕೆ ಜಿಲ್ಲೆಯ ದೊಡ್ಡ ಅಧಿಕಾರಿಗಳ ಕಾವಲು. ಒಬ್ಬ ಹೆಂಗಸಿನ ಗರ್ಭದ, ಒಬ್ಬ ಯುವಕನ ಚಿತ್ತವಿಕಾರದ ವಿವರಗಳನ್ನು ಬರೆದ ಕಾಗದವು ಆಸ್ಪತ್ರೆಯ ಕಪಾಟಿನಲ್ಲಿದ್ದರೆ ಅದಕ್ಕೆ ಅಂಥ ಕಾವಲಿಲ್ಲ. ಕಾರ್ಡಿಗೆ ಇರುವ ಮರ್ಯಾದೆ ರೋಗಿಯ ಚೀಟಿಗೆ ಬೇಡವೇ?

ಡಾಕ್ಟರನ ಪಾಡು ಇನ್ನೂ ಇಕ್ಕಟ್ಟಿನದು. ವಕೀಲನಿಗೂ ಕಕ್ಷಿಗಾರನಿಗೂ ನಡೆದ ಮಾತಿಗೆ ಸಾಕ್ಷ್ಯದ ಕಾಯಿದೆಯು ರಕ್ಷಣೆಯನ್ನು ಕೊಟ್ಟಿದೆ. ದಂಪತಿಗಳ ನಡುವಣ ಮಾತಿಗೂ ಕೊಟ್ಟಿದೆ. ವೈದ್ಯನಿಗೂ ರೋಗಿಗೂ ನಡೆದ ಮಾತಿಗೆ 1872ರ ಕಾಯಿದೆಯೂ ಕೊಟ್ಟಿರಲಿಲ್ಲ. 2023ರ ಹೊಸ ಕಾಯಿದೆಯೂ ಕೊಟ್ಟಿಲ್ಲ. ವೈದ್ಯರ ವೃತ್ತಿಧರ್ಮದ 2002ರ ನಿಯಮಾವಳಿಯು ಒಂದು ಕಡೆ, ನ್ಯಾಯಾಧೀಶರ ಆಜ್ಞೆಯಾದ ಹೊರತು, ಅಥವಾ ಗೊತ್ತಾದ ವ್ಯಕ್ತಿಗೋ ಸಮಾಜಕ್ಕೋ ಗಂಡಾಂತರವಿದ್ದ ಹೊರತು, ಅಥವಾ ಸರ್ಕಾರಕ್ಕೆ ತಿಳಿಸಲೇಬೇಕಾದ ಸಾಂಕ್ರಾಮಿಕ ರೋಗವಾದ ಹೊರತು, ರೋಗಿಯ ಗುಟ್ಟನ್ನು ಹೊರಗೆಡಹಬಾರದೆನ್ನುತ್ತದೆ. ಇನ್ನೊಂದು ಕಡೆ, ಸಂಬಂಧಪಟ್ಟ ಕಾನೂನಿನ ಅಧಿಕಾರಿಗಳು ಕೇಳಿದರೆ 72 ಗಂಟೆಗಳೊಳಗೆ ದಾಖಲೆಗಳನ್ನು ಒದಗಿಸಬೇಕೆನ್ನುತ್ತದೆ. ಠಾಣೆಯಿಂದ ಕಾಗದ ಹಿಡಿದು ಬಂದ ಜಮಾದಾರನ ಎದುರಿನಲ್ಲಿ ಹಳ್ಳಿಯ ಆಸ್ಪತ್ರೆಯ ತರುಣ ಡಾಕ್ಟರನು ಇವೆರಡರಲ್ಲಿ ಯಾವುದನ್ನು ನೆನೆಯಬೇಕು?

ಮಾತಿನ ವಿಚಾರಣೆಯಲ್ಲಿಯೂ ಇದೇ ಸ್ಥಿತಿ. ಪೋಲೀಸಿನವರು ಸಾಕ್ಷಿಯನ್ನು ಪ್ರಶ್ನಿಸಿದಾಗ, ತನ್ನನ್ನು ಅಪರಾಧಕ್ಕೆ ಗುರಿಮಾಡುವ ಪ್ರಶ್ನೆಗಳನ್ನುಳಿದು ಮಿಕ್ಕವಕ್ಕೆ ಅವನು ನಿಜವಾದ ಉತ್ತರ ಹೇಳಬೇಕೆಂದು ಸಂಹಿತೆಯ 180ನೆಯ ಕಲಮು. ರೋಗವು ಅಪರಾಧವಲ್ಲ, ಆದಕಾರಣ ರೋಗದ ಪ್ರಶ್ನೆಗೆ ಈ ಕಲಮಿನಲ್ಲಿ ಮೌನದ ಆಸರೆಯೂ ಇಲ್ಲ! ತನಿಖೆಗೆ ಸಂಬಂಧವಿಲ್ಲದ ಪ್ರಶ್ನೆಯನ್ನು ಕೇಳಬಾರದೆಂಬ ವಿವೇಕವೊಂದೇ ಅಲ್ಲಿ ಕಾವಲು. ಆದರೂ ಒಂದು ಒಳ್ಳೆಯ ಅಂಶವನ್ನು ನಾವು ಮುಚ್ಚಿಡತಕ್ಕದ್ದಲ್ಲ. 15 ವರ್ಷಕ್ಕೆ ಕಡಿಮೆಯವರನ್ನೂ, 60 ವರ್ಷ ಮೀರಿದವರನ್ನೂ, ಸ್ತ್ರೀಯರನ್ನೂ, ಅಂಗವಿಕಲರನ್ನೂ, ತೀವ್ರವಾದ ಕಾಯಿಲೆಯಲ್ಲಿರುವವರನ್ನೂ ಸಾಕ್ಷಿಯಾಗಿ ವಿಚಾರಿಸಬೇಕಾದರೆ ಅವರ ವಾಸದ ಸ್ಥಳಕ್ಕೇ ಹೋಗಬೇಕೇ ಹೊರತು ಠಾಣೆಗೆ ಎಳೆಯಬಾರದೆಂದು 179ನೆಯ ಕಲಮು ವಿಧಿಸಿದೆ. ಇದನ್ನು ಪ್ರತಿಯೊಂದು ಹಳ್ಳಿಯವರೂ ಬಾಯಿಪಾಠ ಮಾಡಿಟ್ಟುಕೊಳ್ಳಬೇಕು.

ಇಷ್ಟು ಹೇಳಿದುದಕ್ಕೆ ಅಧಿಕಾರಿವರ್ಗದವರು ನಮ್ಮನ್ನು ಕೇಳಬಹುದು: "ರೋಗಿಯ ಗುಟ್ಟು ಗುಟ್ಟೆಂದು ಕುಳಿತರೆ ಅಪರಾಧಿಯನ್ನು ಹಿಡಿಯುವುದು ಹೇಗೆ?" ಪ್ರಶ್ನೆಯು ನ್ಯಾಯವಾದುದು, ಅದನ್ನು ನಾವು ತಳ್ಳಿಹಾಕುವುದಿಲ್ಲ. ಇದೇ ಜಿಲ್ಲೆಯ ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ 2018ರ ಡಿಸೆಂಬರ್ 14ರಂದು ಮಾರಮ್ಮನ ದೇವಸ್ಥಾನದ ಪ್ರಸಾದದಲ್ಲಿ ಕ್ರಿಮಿನಾಶಕ ವಿಷವನ್ನು ಬೆರೆಸಲಾಗಿ, 17 ಮಂದಿ ಸತ್ತು ನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಆಗ ವೈದ್ಯರು ಪೋಲೀಸಿನವರೊಡನೆ ಬಾಯಿಬಿಡದೆ ಇದ್ದಿದ್ದರೆ ವಿಷವಿಕ್ಕಿದವರ ಜಾಡು ಸಿಕ್ಕುತ್ತಿದ್ದಿತೇ? 2023ರಲ್ಲಿ ಮಂಡ್ಯದ ಕಡೆಯ ಆಲೆಮನೆಯೊಂದರಲ್ಲಿ ಗರ್ಭಸ್ಥ ಶಿಶುವಿನ ಲಿಂಗಪರೀಕ್ಷೆಯನ್ನು ನಡೆಸಿ ಹೆಣ್ಣು ಭ್ರೂಣಗಳನ್ನು ಕೊಲ್ಲಿಸುತ್ತಿದ್ದ ಜಾಲವನ್ನು ಬೆಂಗಳೂರಿನ ಪೋಲೀಸಿನವರು ಹೊರಗೆಳೆದರು. ಆ ಪಾತಕಿಗಳು ರೋಗಿಯ ಗುಟ್ಟೆಂಬ ತೆರೆಯ ಹಿಂದೆ ಅಡಗಿಕೊಳ್ಳುವುದನ್ನು ಯಾವ ಸಜ್ಜನನು ಒಪ್ಪುವನು?

ಒಪ್ಪತಕ್ಕದ್ದಲ್ಲ. ಆದರೆ ಈ ನಿದರ್ಶನಗಳು ನಮ್ಮ ವಾದವನ್ನು ಕೆಡಿಸುವುದಿಲ್ಲ, ಬಲಪಡಿಸುತ್ತವೆ. ಸುಳ್ವಾಡಿಯಲ್ಲಿ ಪೋಲೀಸಿನವರಿಗೆ ಬೇಕಾಗಿದ್ದುದು ಹೊಟ್ಟೆಯೊಳಗೆ ಹೋದ ವಿಷ ಯಾವುದೆಂಬುದು. ಹಾಸಿಗೆ ಹಿಡಿದವನಿಗೆ ಹಿಂದೆ ಯಾವ ಕಾಯಿಲೆಯಿದ್ದಿತೆಂಬುದಲ್ಲ. ಮಂಡ್ಯದಲ್ಲಿ ಬೇಕಾಗಿದ್ದುದು ಪಾತಕವನ್ನು ಮಾಡಿದವರ ಸುಳಿವು. ಬಲಾತ್ಕಾರಕ್ಕೋ ಭಯಕ್ಕೋ ಸಿಕ್ಕಿ ಅಲ್ಲಿಗೆ ಬಂದಿರಬಹುದಾದ ಹೆಂಗಸರ ಹೆಸರುಗಳನ್ನು ಬೀದಿಗೆ ಬಿಡುವುದಲ್ಲ. ಬೇಕಾದಷ್ಟನ್ನು ತೆಗೆದುಕೊಳ್ಳುವುದು ತನಿಖೆ. ಸಿಕ್ಕಿದ್ದನ್ನೆಲ್ಲಾ ಬಾಚಿಕೊಳ್ಳುವುದು ಸೂರೆ. ನ್ಯಾಯಸ್ಥಾನವು ಇವೆರಡರ ನಡುವಣ ಗೆರೆಯನ್ನು ಎಳೆಯಬೇಕಾದುದೇ ಹೊರತು, ತನಿಖೆಯ ಭರದಲ್ಲಿರುವ ಅಧಿಕಾರಿಯಲ್ಲ.

ಹೀಗೆ ಗೆರೆಯೆಳೆಯುವುದು ಅಸಾಧ್ಯವೂ ಅಲ್ಲ. 2017ರ ಎಚ್‌.ಐ.ವಿ. ಕಾಯಿದೆಯು 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದಿದೆ. ಸೋಂಕಿರುವುದನ್ನು ತಿಳಿಸುವಂತೆ ಯಾರನ್ನೂ ಒತ್ತಾಯಿಸಕೂಡದು. ಅವರು ತಿಳಿದು ಒಪ್ಪಿರಬೇಕು, ಇಲ್ಲವೇ ನ್ಯಾಯದ ಹಿತಕ್ಕೆ ಅವಶ್ಯವೆಂದು ನ್ಯಾಯಸ್ಥಾನವು ಆಜ್ಞಾಪಿಸಿರಬೇಕು ಎಂದು ಅದು ಹೇಳುತ್ತದೆ. ಅದೇ ವರ್ಷದ ಮಾನಸಿಕ ಆರೋಗ್ಯದ ಕಾಯಿದೆಯೂ ರೋಗಿಯ ಗುಟ್ಟನ್ನು ಹಕ್ಕೆಂದು ಕರೆದಿದೆ. ಹಣದ ವಿಷಯದಲ್ಲಿಯೂ, 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ, ಗಿರಾಕಿಯು ಬ್ಯಾಂಕಿಗೆ ನಂಬಿ ಒಪ್ಪಿಸಿದ ಕಾಗದಗಳು ಬ್ಯಾಂಕಿನ ವಶದಲ್ಲಿದ್ದ ಮಾತ್ರಕ್ಕೆ ಅವನ ಗುಟ್ಟಾಗಿರುವುದು ತಪ್ಪುವುದಿಲ್ಲವೆಂದು ತೀರ್ಮಾನಿಸಿತು. ಹಣವಂತನ ಲೆಕ್ಕಕ್ಕೆ ಸಂದ ನ್ಯಾಯವು ರೋಗಿಯ ಲೆಕ್ಕಕ್ಕೆ ಸಲ್ಲದೆ ಹೋದೀತೇ?

ಎಲ್ಲಕ್ಕಿಂತ ಹೃದಯವನ್ನು ಹಿಂಡುವುದು ಎಳೆಯ ಹುಡುಗಿಯರ ಪಾಡು. ಹದಿನೆಂಟು ತುಂಬದ ಹುಡುಗಿಯು ಬಸಿರಾಗಿ ಆಸ್ಪತ್ರೆಗೆ ಬಂದರೆ, 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮಿನಂತೆ ಡಾಕ್ಟರನು ಪೋಲೀಸಿಗೆ ತಿಳಿಸಲೇಬೇಕು. ಮಕ್ಕಳ ರಕ್ಷಣೆಗೆಂದು ಮಾಡಿದ ಕಲಮು ಅದು. ಆದರೆ ಠಾಣೆಯ ಹೆಸರು ಕೇಳಿದ ತಾಯಿ ಮಗಳನ್ನು ಆಸ್ಪತ್ರೆಗೆ ತಾರದೆ ನಾಟಿ ಮದ್ದಿನವರ ಬಳಿಗೆ ಕತ್ತಲೆಯಲ್ಲಿ ಕರೆದೊಯ್ದರೆ, ಆ ಮಗುವಿನ ಪ್ರಾಣಕ್ಕೆ ಹೊಣೆಯಾರು? ಈ ಸಂಕಟವನ್ನು ಮನಗಂಡು ಸರ್ವೋಚ್ಚ ನ್ಯಾಯಾಲಯವು 2022ರ ಸೆಪ್ಟೆಂಬರ್ 29ರಂದು ದಾರಿಯೊಂದನ್ನು ತೋರಿಸಿತು. ಗರ್ಭಪಾತಕ್ಕಾಗಿ ಬಂದ ಅಪ್ರಾಪ್ತ ಹುಡುಗಿಯೂ ಅವಳ ಪೋಷಕರೂ ಕೋರಿದರೆ, ಡಾಕ್ಟರನು ಪೋಲೀಸಿಗೆ ಕೊಡುವ ವರದಿಯಲ್ಲಿ ಅವಳ ಹೆಸರನ್ನಾಗಲಿ ಗುರುತನ್ನಾಗಲಿ ಬರೆಯಬೇಕಾಗಿಲ್ಲ. ಎಷ್ಟು ಹಳ್ಳಿಗಳ ತಾಯಂದಿರಿಗೆ, ಎಷ್ಟು ಠಾಣೆಗಳ ಅಧಿಕಾರಿಗಳಿಗೆ, ಎಷ್ಟು ಮಂದಿ ಡಾಕ್ಟರುಗಳಿಗೆ ಇದು ತಿಳಿದಿದೆ? ತಿಳಿಯದ ಹಕ್ಕು ಬೀಗದೊಳಗಿನ ಧಾನ್ಯದಂತೆ. ಹಸಿದವನ ಹೊಟ್ಟೆ ತುಂಬುವುದಿಲ್ಲ.

ವಿಷ ಕುಡಿದು ಬದುಕಿದ ರೈತನ ವಿಷಯವೂ ಹೀಗೆಯೇ. ಆತ್ಮಹತ್ಯೆಗೆ ಪ್ರಯತ್ನಿಸಿದವನು ತೀವ್ರವಾದ ಮನಸ್ಸಂಕಟದಲ್ಲಿದ್ದನೆಂದೇ ಭಾವಿಸಬೇಕೆಂದು 2017ರ ಕಾಯಿದೆ ಹೇಳಿತು. ಸರ್ಕಾರಿ ನೌಕರನನ್ನು ನಿರ್ಬಂಧಿಸುವ ಉದ್ದೇಶದ ಪ್ರಯತ್ನವೊಂದನ್ನುಳಿದು, ಆ ಹಳೆಯ ಅಪರಾಧವು 2024ರಿಂದ ದಂಡಸಂಹಿತೆಯಲ್ಲಿಯೇ ಇಲ್ಲ. ಆದಕಾರಣ ಅವನ ಹಾಸಿಗೆಯ ಬಳಿಗೆ ಹೋಗುವ ಪೋಲೀಸಿನವನು ಆಪಾದಿತನನ್ನು ವಿಚಾರಿಸುವವನಂತೆ ಹೋಗದೆ, ನೊಂದವನನ್ನು ವಿಚಾರಿಸುವವನಂತೆ ಹೋಗಬೇಕು. ಸಾಲ, ಸಂಸಾರ, ರೋಗ ಇವುಗಳ ಮಾತನ್ನು ಇಡೀ ವಾರ್ಡು ಕೇಳುವಂತೆ ಬರೆಸಿಕೊಳ್ಳುವುದು ಸಲ್ಲದು.

ಹೊಸ ಸಂಹಿತೆಯು ಇನ್ನೊಂದು ಎಚ್ಚರಿಕೆಯನ್ನು ಬೇಡುತ್ತದೆ. 105ನೆಯ ಕಲಮಿನಂತೆ ಪ್ರತಿಯೊಂದು ಝಡತಿಯನ್ನೂ ಮೊಬೈಲು ಮುಂತಾದ ಯಂತ್ರಗಳಿಂದ ಚಿತ್ರೀಕರಿಸಿ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಪೋಲೀಸಿನವರು ತಾವೇ ಮಾಲನ್ನು ಇಟ್ಟು ತಾವೇ ಹಿಡಿದರೆಂಬ ದೂರು ಇದರಿಂದ ತಪ್ಪುವುದಾದಕಾರಣ ನಾವು ಇದನ್ನು ಸ್ವಾಗತಿಸುತ್ತೇವೆ. ಆದರೆ ಕ್ಯಾಮರಾದ ಕಣ್ಣಿಗೆ ಬೇಕಾದುದು ಬೇಡವಾದುದು ಎಂಬ ಭೇದವಿಲ್ಲ. ಇಬ್ಬರು ಪಂಚರು ನೋಡಿದ್ದು ಕುದೇರಿನಲ್ಲಿಯೇ ಉಳಿದೀತು. ಮೊಬೈಲಿನಿಂದ ಸೋರಿದ್ದು ದೇಶದೇಶಗಳನ್ನು ಸುತ್ತೀತು.

ಇಲ್ಲಿ ನಮ್ಮ ವೃತ್ತಿಯವರ ದೋಷವನ್ನೂ ಒಪ್ಪಿಕೊಳ್ಳದಿದ್ದರೆ ನಾವು ಪ್ರಾಮಾಣಿಕರಾಗಲಾರೆವು. 2020ರಲ್ಲಿ ಚಲನಚಿತ್ರರಂಗದ ಕೆಲವರ ಮೇಲೆ ಹೊರಿಸಲಾದ ಮಾದಕದ್ರವ್ಯಗಳ ಮೊಕದ್ದಮೆಯಲ್ಲಿ, ಬಂಧಿತರಾದವರ ಮೂತ್ರ ಮತ್ತು ಕೂದಲಿನ ಪರೀಕ್ಷೆಯ ಸಂಗತಿಗಳು ಪತ್ರಿಕೆಗಳಲ್ಲಿಯೂ ವಾಹಿನಿಗಳಲ್ಲಿಯೂ ಚರ್ಚೆಯ ಸರಕಾದವು. ಕೊಟ್ಟವರದು ತಪ್ಪಾದರೆ ಕೊಂಡವರದು ತಪ್ಪಲ್ಲವೇ?

ಈಗ ಮಾಡಬೇಕಾದುದೇನು? ನಮ್ಮ ಸೂಚನೆಗಳು ಇವು. ಮೊದಲನೆಯದಾಗಿ, ಆಸ್ಪತ್ರೆಯ ದಾಖಲೆಯು ಬೇಕಾದಾಗ, ಪ್ರಾಣಾಪಾಯದ ತುರ್ತನ್ನು ಬಿಟ್ಟು, ಮ್ಯಾಜಿಸ್ಟ್ರೇಟರ ಆಜ್ಞೆ ಇರಲೇಬೇಕೆಂದು ಸಂಹಿತೆಯನ್ನು ತಿದ್ದಬೇಕು; ಅಂಚೆಯ ಕಾಗದಕ್ಕೆ ಇರುವ ರಕ್ಷಣೆಯನ್ನು ಇದಕ್ಕೂ ವಿಸ್ತರಿಸಿದರೆ ಸಾಕು. ಎರಡನೆಯದಾಗಿ, ಆಜ್ಞೆಯಲ್ಲಿ ಯಾವ ದಿನದ, ಯಾವ ವಿಷಯದ ಕಾಗದವೆಂಬುದನ್ನು ಕಾಣಿಸಬೇಕು. ಇಡೀ ರಿಜಿಸ್ಟರನ್ನು ಹೊತ್ತೊಯ್ಯುವುದು ನಿಲ್ಲಬೇಕು. ದಾಖಲೆಯು ಮೊಹರುಮಾಡಿದ ಲಕೋಟೆಯಲ್ಲಿಯೇ ಹೋಗಬೇಕು. ಮೂರನೆಯದಾಗಿ, ಝಡತಿಯಲ್ಲಿ ಕಂಡ ಔಷಧಿಗೂ ಆಪಾದನೆಗೂ ಸಂಬಂಧವಿಲ್ಲದಿದ್ದರೆ ಅದನ್ನು ಮಹಜರಿನಲ್ಲಿ ಬರೆಯಕೂಡದು, ಅದರ ವಿಷಯವಾಗಿ ಪಂಚರ ಎದುರಿಗೆ ಪ್ರಶ್ನಿಸಕೂಡದು. ನಾಲ್ಕನೆಯದಾಗಿ, ಬಂಧಿತನನ್ನು ಡಾಕ್ಟರನು ಪರೀಕ್ಷಿಸುವಾಗ ಕಾವಲಿನವನು ಬಾಗಿಲ ಹೊರಗೆ ನಿಲ್ಲಬೇಕು; ತನಗೆ ಸಕ್ಕರೆ ಕಾಯಿಲೆಯಿದೆ, ಮೂರ್ಛೆಯಿದೆ, ತಪ್ಪದೆ ಔಷಧಿ ಬೇಕು ಎಂಬುದನ್ನು ಅವನು ಡಾಕ್ಟರೊಬ್ಬರಿಗೇ ಹೇಳಿಕೊಳ್ಳುವಂತಿರಬೇಕು. ಐದನೆಯದಾಗಿ, ಪರೀಕ್ಷೆಯ ಫಲವನ್ನಾಗಲಿ ಝಡತಿಯ ಚಿತ್ರವನ್ನಾಗಲಿ ಪತ್ರಿಕೆಯವರಿಗೆ ಒದಗಿಸಿದ ನೌಕರನು ಶಿಕ್ಷೆಗೆ ಗುರಿಯಾಗಬೇಕು.

ಇವುಗಳಲ್ಲಿ ಮೊದಲನೆಯದಕ್ಕೆ ಮಾತ್ರ ಹೊಸ ಕಾಯಿದೆ ಬೇಕು. ಮಿಕ್ಕವುಗಳಲ್ಲಿ ಹೆಚ್ಚಿನವನ್ನು ರಾಜ್ಯದ ಪೋಲೀಸು ಮುಖ್ಯಾಧಿಕಾರಿಗಳು ಒಂದು ಸುತ್ತೋಲೆಯಿಂದ ಜಾರಿಗೆ ತರಬಹುದು. ಉಚ್ಚ ನ್ಯಾಯಾಲಯವು 2021ರ ಮಾರ್ಚ್ ತಿಂಗಳಲ್ಲಿ, ವೀರೇಂದ್ರ ಖನ್ನಾ ಎಂಬವರ ವ್ಯಾಜ್ಯದಲ್ಲಿ, ಮೊಬೈಲು ಗಣಕಗಳನ್ನು ಶೋಧಿಸುವಾಗ ನಡೆದುಕೊಳ್ಳಬೇಕಾದ ಕ್ರಮವನ್ನು ವಿವರವಾಗಿ ಹಾಕಿಕೊಟ್ಟಿದೆ. ಮೊಬೈಲಿಗೆ ಕ್ರಮವಿರುವಾಗ ಮದ್ದಿನ ಗೂಡಿಗೂ ಒಂದು ಕ್ರಮವನ್ನು ಬರೆಯುವುದು ಕಷ್ಟವೇ?

ಕುದೇರಿನ ಠಾಣೆಯಿಂದ ಆಸ್ಪತ್ರೆಗೆ ಹೋಗುವ ದಾರಿ ದೂರದ್ದಲ್ಲ. ಆದರೆ ಆ ಎರಡು ಬಾಗಿಲುಗಳ ನಡುವೆ ನ್ಯಾಯಸ್ಥಾನದ ಹೊಸ್ತಿಲೊಂದು ಇದೆಯೆಂಬ ನಂಬಿಕೆ ರೋಗಿಗೆ ಇರಬೇಕು. ಆ ನಂಬಿಕೆಯಿದ್ದರೆ ಅವನು ಡಾಕ್ಟರಿಗೆ ನಿಜವನ್ನು ಹೇಳುವನು. ಡಾಕ್ಟರು ರೋಗವನ್ನು ಕಳೆಯುವರು. ಪೋಲೀಸಿನವರಿಗೂ ಜನರ ಸಹಕಾರ ದೊರೆಯುವುದು. ಅದಿಲ್ಲದ ಕಡೆ ಬೇಲಿಯೇ ಹೊಲವನ್ನು ಮೇಯಿತೆಂಬ ಗಾದೆ ಜನರ ಬಾಯಲ್ಲಿ ಉಳಿಯುವುದು. ಸರ್ಕಾರದವರು ಇದನ್ನು ಬೇಗನೆ ಗಮನಕ್ಕೆ ತಂದುಕೊಳ್ಳುವರೆಂದು ನಾವು ಆಶಿಸುತ್ತೇವೆ.